ಒಂದು ಓಟಿ ಖಾಲಿ ಬಿಟ್ಟರೆ ಆಪರೇಷನ್ ಜಾಸ್ತಿ ಆಗುವುದು ಹೇಗೆ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿದೆ. ಅಲ್ಲಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ 2000ದ ದಶಕದ ಆರಂಭದಲ್ಲಿ 32 ಆಪರೇಷನ್ ಥಿಯೇಟರ್‌ಗಳಿದ್ದವು, ಅಂದರೆ ಓಟಿಗಳು. ವರ್ಷಕ್ಕೆ 30,000ಕ್ಕೂ ಹೆಚ್ಚು ಸರ್ಜರಿ. ಓಟಿ ಲಿಸ್ಟ್ ಯಾವತ್ತೂ ಭರ್ತಿ. ಇದರ ನಡುವೆ ಎಮರ್ಜೆನ್ಸಿ ಬಂದರೆ, ಮೊದಲೇ ದಿನ ಕೊಟ್ಟಿದ್ದ ರೋಗಿಯನ್ನು ಮುಂದಕ್ಕೆ ಹಾಕಬೇಕು. ಎರಡು ಗಂಟೆಯ ಕೆಲಸಕ್ಕೆ ಸರ್ಜನ್‌ಗಳು ಹಲವು ಗಂಟೆ ಕಾಯುತ್ತಿದ್ದರು. ರಾತ್ರಿ ಎರಡಕ್ಕೂ ಆಪರೇಷನ್ ನಡೆಯುತ್ತಿತ್ತು. ಸಿಬ್ಬಂದಿಗೆ ಓವರ್‌ಟೈಮ್ ತಪ್ಪುತ್ತಲೇ ಇರಲಿಲ್ಲ.

ಇಂಥ ಕಡೆ ಯಾರಿಗೂ ತಕ್ಷಣ ತೋಚುವುದು ಎರಡೇ ದಾರಿ. ಇನ್ನೊಂದೆರಡು ಓಟಿ ಕಟ್ಟಿಸಬೇಕು, ಇಲ್ಲವೇ ಎಲ್ಲರೂ ಇನ್ನೂ ಬೇಗ ಕೆಲಸ ಮಾಡಬೇಕು. ಲೆಕ್ಕ ನೋಡಿದ ಸಲಹೆಗಾರರು ಹೇಳಿದ್ದೇ ಬೇರೆ. ಇರುವ ಓಟಿಗಳಲ್ಲೇ ಒಂದನ್ನು ಖಾಲಿ ಬಿಡಿ. ಅದಕ್ಕೆ ಯಾವ ಕೇಸನ್ನೂ ಮೊದಲೇ ಹಾಕಬೇಡಿ. ಎಮರ್ಜೆನ್ಸಿಗೆ ಮಾತ್ರ ಇಡಿ.

ಇರುವ ಜಾಗವೇ ಸಾಲದು, ಅದರಲ್ಲೂ ಒಂದನ್ನು ಬಿಡುವುದೇ? ಸರ್ಜನ್‌ಗಳು ಸುಲಭಕ್ಕೆ ಒಪ್ಪಲಿಲ್ಲ. ಕಡೆಗೆ ಒಂದು ತಿಂಗಳ ಮಟ್ಟಿಗೆ ನೋಡೋಣ ಎಂದು ಶುರು ಮಾಡಿದರು. ಮಧ್ಯಾಹ್ನ ಮೂರರ ನಂತರ ನಡೆಯುವ ಸರ್ಜರಿಗಳು 45% ಇಳಿದವು. ಆಸ್ಪತ್ರೆ ಮಾಡಬಹುದಾದ ಒಟ್ಟು ಸರ್ಜರಿಗಳು 5.1% ಏರಿದವು. ಒಂದು ಓಟಿ ಲಿಸ್ಟಿನಿಂದ ಹೊರಗೆ ಹೋಯಿತು, ಕೆಲಸ ಮಾತ್ರ ಜಾಸ್ತಿ ಆಯಿತು.

ಇದರ ಹಿಂದಿನ ಕಾರಣ ಸರಳ. ಅಲ್ಲಿ ನಡೆಯುತ್ತಿದ್ದ ಸರ್ಜರಿಗಳಲ್ಲಿ ಸುಮಾರು 20% ಮೊದಲೇ ಗೊತ್ತಿಲ್ಲದವು. ಯಾವ ರೋಗಿ, ಎಷ್ಟು ಗಂಟೆಗೆ, ಏನು ಏಟು ಮಾಡಿಕೊಂಡು ಬರುತ್ತಾರೆ ಎಂದು ಯಾರೂ ಹೇಳಲಾರರು. ಆದರೆ ಇವತ್ತು ಎಮರ್ಜೆನ್ಸಿ ಬಂದೇ ಬರುತ್ತದೆ ಎಂಬುದು ನಿನ್ನೆಯೇ ಗೊತ್ತಿರುವ ವಿಷಯ, ಅಲ್ವಾ? ಹಳೆಯ ಲೆಕ್ಕವೇ ಅದನ್ನು ಹೇಳುತ್ತದೆ. ಹಾಗಿದ್ದೂ ಲಿಸ್ಟ್ ಹಾಕುವಾಗ ಎಮರ್ಜೆನ್ಸಿ ಬರುವುದೇ ಇಲ್ಲ ಎಂಬಂತೆ ಎಲ್ಲಾ ಓಟಿ ತುಂಬುತ್ತಿದ್ದರು. ದಿನಾ ಅದು ಬಂದು ದಿನಾ ಲಿಸ್ಟ್ ಕೆಡುತ್ತಿತ್ತು. ಒಂದು ಕೇಸು ಜರುಗಿದರೆ ಅದರ ಹಿಂದಿನ ನಾಲ್ಕೂ ಜರುಗುತ್ತವೆ. ಸಿದ್ಧ ಮಾಡಿಟ್ಟ ಉಪಕರಣ ಬದಲಾಗುತ್ತದೆ, ಅರಿವಳಿಕೆ ತಜ್ಞರು ಬದಲಾಗುತ್ತಾರೆ, ರಿಕವರಿ ರೂಮಿನಲ್ಲಿ ಬೆಡ್ ಇರುವುದಿಲ್ಲ. ಈ ಅಲ್ಲೋಲ ಕಲ್ಲೋಲದಲ್ಲಿ ಹೋಗುತ್ತಿದ್ದ ಸಮಯ ಒಂದು ಓಟಿಯ ಸಮಯಕ್ಕಿಂತ ದೊಡ್ಡದಿತ್ತು. ಖಾಲಿ ಓಟಿ ಅದನ್ನು ಉಳಿಸಿತು.

ಓಟಿಯ ಡೇಟಾ ಎಂದಾಗ ದೊಡ್ಡ ಸಾಫ್ಟ್‌ವೇರ್, ಕೃತಕ ಬುದ್ಧಿಮತ್ತೆ ಎಂದೆಲ್ಲಾ ಮಾತು ಬರುತ್ತದೆ. ಅವು ಇರಲಿ. ಮೊದಲು ಬೇಕಾಗುವುದು ಐದಾರು ಸಮಯಗಳು. ರೋಗಿ ಓಟಿ ಒಳಗೆ ಬಂದದ್ದು ಎಷ್ಟಕ್ಕೆ, ಅರಿವಳಿಕೆ ಶುರುವಾದದ್ದು ಎಷ್ಟಕ್ಕೆ, ಚರ್ಮಕ್ಕೆ ಕತ್ತಿ ತಾಗಿದ್ದು ಎಷ್ಟಕ್ಕೆ, ಹೊಲಿಗೆ ಮುಗಿದದ್ದು ಎಷ್ಟಕ್ಕೆ, ರೋಗಿ ಹೊರಗೆ ಹೋದದ್ದು ಎಷ್ಟಕ್ಕೆ. ಇದರ ಜೊತೆಗೆ, ತಡವಾಗಿದ್ದರೆ ಯಾಕೆ ಎಂಬ ಒಂದು ಸಾಲು. ಎಷ್ಟೋ ಆಸ್ಪತ್ರೆಗಳ ಓಟಿ ರಿಜಿಸ್ಟರ್‌ನಲ್ಲಿ ಇದರಲ್ಲಿ ಅರ್ಧ ಈಗಾಗಲೇ ಬರೆದಿರುತ್ತದೆ. ಬರೆದದ್ದನ್ನು ಯಾರೂ ಕೂಡಿಸಿ ನೋಡಿರುವುದಿಲ್ಲ, ಅಷ್ಟೇ.

ಭರ್ತಿ ಎಂದರೆ ಚೆನ್ನಾಗಿ ನಡೆಯುತ್ತಿದೆ ಎಂದಲ್ಲ

ಓಟಿ ದುಬಾರಿ ಜಾಗ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ 2014ರ ಲೆಕ್ಕಪತ್ರ ನೋಡಿದಾಗ ಓಟಿಯ ಒಂದು ನಿಮಿಷಕ್ಕೆ ಸರಾಸರಿ 36ರಿಂದ 37 ಡಾಲರ್ ಖರ್ಚು ಬಂದಿತ್ತು. ಹಾಗಾಗಿ ಆಡಳಿತದವರು ಮೊದಲು ಕೇಳುವ ಅಂಕಿ ಒಂದೇ: ಓಟಿ ಶೇಕಡಾ ಎಷ್ಟು ಹೊತ್ತು ಬಳಕೆಯಲ್ಲಿತ್ತು? 70% ಎಂದರೆ ಮುಖ ಸಿಂಡರಿಸುತ್ತಾರೆ. 95% ಎಂದರೆ ಖುಷಿಪಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ.

1909ರಲ್ಲಿ ಡೆನ್ಮಾರ್ಕ್‌ನ ಅಗ್ನರ್ ಎರ್ಲಾಂಗ್ ಟೆಲಿಫೋನ್ ಕರೆಗಳ ಬಗ್ಗೆ ಒಂದು ಗಣಿತ ಶುರು ಮಾಡಿದರು. ಕರೆಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ಲೈನುಗಳು ಇಷ್ಟೇ ಇವೆ, ಹಾಗಾದರೆ ಎಷ್ಟು ಕಾಯಬೇಕು? ಸರದಿ ಸಾಲಿನ ಗಣಿತ ಬೆಳೆದದ್ದು ಅಲ್ಲಿಂದ. ಅದರ ಅತಿ ಸರಳ ಸೂತ್ರವನ್ನು ಓಟಿಗೆ ಹಾಕಿ ನೋಡೋಣ. ಒಂದೇ ಓಟಿ ಇದೆ. ರೋಗಿಗಳು ಯಾವಾಗೆಂದರೆ ಆವಾಗ ಬರುತ್ತಾರೆ. ಒಬ್ಬೊಬ್ಬರಿಗೆ ಹಿಡಿಯುವ ಸಮಯ ಹೆಚ್ಚುಕಡಿಮೆ ಆಗುತ್ತದೆ, ಸರಾಸರಿ ಒಂದು ಗಂಟೆ. ಓಟಿ 50% ಬಳಕೆಯಲ್ಲಿದ್ದರೆ ಬಂದವರು ಸರಾಸರಿ ಒಂದು ಗಂಟೆ ಕಾಯುತ್ತಾರೆ. 80% ಆದರೆ 4 ಗಂಟೆ. 90% ಆದರೆ 9 ಗಂಟೆ. 95% ಆದರೆ 19 ಗಂಟೆ. ಬಳಕೆ 90ರಿಂದ 95ಕ್ಕೆ ಏರಿದ್ದು ಸ್ವಲ್ಪವೇ. ಕಾಯುವುದು ಮಾತ್ರ ಎರಡರಷ್ಟಾಯಿತು.

ನಿಜವಾದ ಆಸ್ಪತ್ರೆ ಇಷ್ಟು ಸರಳ ಅಲ್ಲ. ಮೊದಲೇ ದಿನ ಗೊತ್ತುಮಾಡಿದ ಕೇಸುಗಳಿರುವ ಓಟಿಯನ್ನು ಇನ್ನೂ ತುಂಬಿಸಿ ನಡೆಸಬಹುದು, ಯಾಕೆಂದರೆ ಅಲ್ಲಿ ರೋಗಿಗಳು ಹೊತ್ತುಗೊತ್ತಿಲ್ಲದೆ ಬರುವುದಿಲ್ಲ. ಆದರೆ ಎಮರ್ಜೆನ್ಸಿ ಓಟಿಗೆ ಈ ಗಣಿತ ತುಂಬಾ ಹತ್ತಿರ. ಅಲ್ಲಿ ಕಾಯುತ್ತಿರುವುದು ಅಪೆಂಡಿಕ್ಸ್ ಒಡೆದ ಹುಡುಗ ಅಥವಾ ಮಗುವಿನ ಎದೆಬಡಿತ ಇಳಿಯುತ್ತಿರುವ ಬಸುರಿ. ಅವರಿಗೆ ಒಂಬತ್ತು ಗಂಟೆ ಎನ್ನುವುದು ಬರೀ ತೊಂದರೆಯಲ್ಲ, ಜೀವಕ್ಕೆ ಅಪಾಯ. ಎಮರ್ಜೆನ್ಸಿ ಓಟಿ ಖಾಲಿ ಕಂಡಾಗ ಅದನ್ನು ವ್ಯರ್ಥ ಎಂದು ಬರೆಯುವ ವರದಿಯನ್ನು ನಂಬಬಾರದು.

ಏರುಪೇರು ಯಾರದ್ದು?

ಸೇಂಟ್ ಜಾನ್ಸ್‌ನಲ್ಲಿ ಎಮರ್ಜೆನ್ಸಿ ಬೇರೆಯಾದ ಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೊದಲೇ ಯೋಜಿಸಿದ ಸರ್ಜರಿಗಳೂ ಸಮನಾಗಿ ಹಂಚಿರಲಿಲ್ಲ. ವಾರದ ಮೊದಲ ದಿನಗಳಲ್ಲಿ ಗುಂಪು, ಕೊನೆಯ ದಿನಗಳಲ್ಲಿ ಸಡಿಲ. ಇದಕ್ಕೂ ಒಂದು ಕಾರಣವಿತ್ತು. ಸೋಮವಾರ ಆಪರೇಷನ್ ಮಾಡಿದರೆ ವಾರಾಂತ್ಯದೊಳಗೆ ರೋಗಿಯನ್ನು ನೋಡಿಕೊಂಡು ಮನೆಗೆ ಕಳಿಸಬಹುದು ಎಂಬುದು ಸರ್ಜನ್‌ಗಳ ಲೆಕ್ಕ. ಒಬ್ಬರಿಗೆ ಅನುಕೂಲ. ಎಲ್ಲರೂ ಹಾಗೇ ಮಾಡಿದರೆ ಮಂಗಳವಾರ ಐಸಿಯುನಲ್ಲಿ ಬೆಡ್ ಇಲ್ಲ.

ಬೋಸ್ಟನ್ನಿನ ಯುಜೀನ್ ಲಿಟ್ವಾಕ್ ಈ ವಿಷಯವನ್ನು ವರ್ಷಗಟ್ಟಲೆ ಹಿಂಬಾಲಿಸಿದವರು. ಎಮರ್ಜೆನ್ಸಿಯ ಏರುಪೇರು ಸಹಜವಾದದ್ದು, ಅದನ್ನು ಯಾರೂ ತಡೆಯಲಾಗದು. ಯೋಜಿತ ಸರ್ಜರಿಯ ಏರುಪೇರು ನಾವೇ ಮಾಡಿಕೊಂಡದ್ದು, ಅದನ್ನು ತೆಗೆಯಬಹುದು. ಇದು ಅವರ ವಾದ. ಅಚ್ಚರಿ ಏನೆಂದರೆ ಅಳೆದು ನೋಡಿದಾಗ ಎರಡನೆಯದೇ ಎಷ್ಟೋ ಕಡೆ ದೊಡ್ಡದಿರುತ್ತದೆ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಲೆಕ್ಕವನ್ನು ಅವರೂ ಜೊತೆಗಾರರೂ 2003ರಲ್ಲಿ ಪ್ರಕಟಿಸಿದರು. ಐಸಿಯುನಲ್ಲಿ ಜಾಗವಿಲ್ಲದೆ ಮಕ್ಕಳನ್ನು ಬೇರೆ ಕಡೆ ಕಳಿಸಬೇಕಾದ ಸಂದರ್ಭಗಳಿಗೆ ಎಮರ್ಜೆನ್ಸಿಗಳಿಗಿಂತ ಯೋಜಿತ ಸರ್ಜರಿಗಳ ಏರುಪೇರಿನ ನಂಟೇ ಜಾಸ್ತಿ ಇತ್ತು. ಎಮರ್ಜೆನ್ಸಿಯನ್ನು ದೂರುವುದು ಸುಲಭ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನಾವೇ ಬರೆದ ಲಿಸ್ಟನ್ನು ದೂರುವುದು ಕಷ್ಟ. ಡೇಟಾ ಆ ಕಷ್ಟದ ಮಾತನ್ನು ಯಾರ ಹೆಸರೂ ಹಿಡಿಯದೆ ಹೇಳುತ್ತದೆ. ಅದಕ್ಕೇ ನನಗೆ ಅದರ ಮೇಲೆ ಗೌರವ.

ಐವತ್ತು ನಿಮಿಷ ಎಂದರೆ ಎಷ್ಟು?

ಲಿಸ್ಟ್ ಕೆಡುವುದಕ್ಕೆ ಇನ್ನೊಂದು ಕಾರಣ ಅಂದಾಜು. ಪಿತ್ತಕೋಶದ ಲ್ಯಾಪರೋಸ್ಕೋಪಿ ಎಷ್ಟು ಹೊತ್ತು ಎಂದು ಸರ್ಜನ್‌ರನ್ನು ಕೇಳಿದರೆ 'ಐವತ್ತು ನಿಮಿಷ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಳೆದ ಐದು ಕೇಸುಗಳಿಗೆ 45, 50, 50, 55, 120 ನಿಮಿಷ ಹಿಡಿದಿತ್ತು ಎಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಐವತ್ತೇ. ಒಂದರಲ್ಲಿ ಮಾತ್ರ ಒಳಗೆಲ್ಲಾ ಅಂಟಿಕೊಂಡಿತ್ತು, ಎರಡು ಗಂಟೆ ಹಿಡಿಯಿತು. ಸರಾಸರಿ ತೆಗೆದರೆ 64. ಐದು ಕೇಸಿಗೆ ಐವತ್ತರಂತೆ 250 ನಿಮಿಷದ ಲಿಸ್ಟ್ ಹಾಕಿದರೆ, ನಿಜಕ್ಕೂ ಹಿಡಿಯುವುದು 320 ನಿಮಿಷ. ಯಾರೂ ತಡ ಮಾಡದೆಯೇ ಒಂದು ಗಂಟೆ ಹತ್ತು ನಿಮಿಷ ತಡ.

ಸರ್ಜರಿಯ ಸಮಯ ಬೆಂಗಳೂರಿನಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಸಮಯದ ಥರ. ಎಷ್ಟೇ ಖಾಲಿ ರಸ್ತೆ ಸಿಕ್ಕರೂ ಉಳಿಯುವುದು ಕೆಲವೇ ನಿಮಿಷ. ಕೆಟ್ಟರೆ ಮಾತ್ರ ಮಿತಿಯೇ ಇಲ್ಲ. ಇಂಥ ಅಂಕಿಗಳು ಒಂದು ಕಡೆಗೆ ಉದ್ದ ಬಾಲ ಬಿಟ್ಟಿರುತ್ತವೆ. ಸರ್ಜರಿಯ ಸಮಯಗಳು ಹೀಗೇ ಇರುತ್ತವೆ ಎಂದು ಸಾವಿರಾರು ಕೇಸುಗಳ ಅಧ್ಯಯನ ತೋರಿಸಿದೆ. ಅಯೋವಾ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಫ್ರಾಂಕ್ಲಿನ್ ಡೆಕ್ಸ್‌ಟರ್ ಓಟಿಯ ಸಮಯದ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದವರು. ಅಂಥವರ ಕೆಲಸದಿಂದ ತಿಳಿಯುವ ಒಂದು ಪಾಠ ತುಂಬಾ ಉಪಯೋಗದ್ದು: ಒಂದೇ ಸರ್ಜರಿಗೆ ಒಂದೇ ಅಂಕಿ ಸಾಲದು. ಪ್ರಶ್ನೆ ಬದಲಾದರೆ ಅಂಕಿಯೂ ಬದಲಾಗಬೇಕು.

ದಿನಕ್ಕೆ ಎಷ್ಟು ಕೇಸು ಹಿಡಿಯುತ್ತದೆ ಎಂದು ನೋಡುವಾಗ ಸರಾಸರಿ ಬೇಕು, ಅಂದರೆ 64. ಮುಂದಿನ ರೋಗಿಯನ್ನು ವಾರ್ಡಿನಿಂದ ಎಷ್ಟಕ್ಕೆ ಕರೆಸಬೇಕು ಎಂದು ನೋಡುವಾಗ 64 ಇಟ್ಟುಕೊಂಡರೆ ತಪ್ಪಾಗುತ್ತದೆ, ಯಾಕೆಂದರೆ ಐದರಲ್ಲಿ ನಾಲ್ಕು ಸಲ ಓಟಿ ಅದಕ್ಕಿಂತ ಮೊದಲೇ ಖಾಲಿಯಾಗಿ ಕಾಯುತ್ತಿರುತ್ತದೆ. ಅಲ್ಲಿ 45 ಬೇಕು. ಸಂಜೆಯ ಪಾಳಿಯವರಿಗೆ ತಡ ಆಗಬಹುದೇ ಎಂದು ಹೇಳಲು ಆ 120ರ ಕಡೆ ನೋಡಬೇಕು. ಮೂರೂ ಒಂದೇ ರಿಜಿಸ್ಟರ್‌ನಲ್ಲಿವೆ.

ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕೇ? ಸಹಾಯ ಆಗುತ್ತದೆ. ರೋಗಿಯ ತೂಕ, ಹಿಂದಿನ ಸರ್ಜರಿ, ಸಕ್ಕರೆ ಕಾಯಿಲೆ ಎಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲದು. ಆದರೆ ಯಾವ ಸರ್ಜರಿ, ಯಾರು ಮಾಡುತ್ತಾರೆ ಎಂಬ ಎರಡೇ ವಿಷಯ ಹಿಡಿದು ಹಳೆಯ ಕೇಸುಗಳನ್ನು ನೋಡಿದರೂ ಬಾಯಿಮಾತಿನ ಅಂದಾಜಿಗಿಂತ ಎಷ್ಟೋ ವಾಸಿ. ಅಪರೂಪದ ಸರ್ಜರಿಗಳಲ್ಲಿ ಹಳೆಯ ಕೇಸುಗಳೇ ಇರುವುದಿಲ್ಲ. ಅಲ್ಲಿ ಸರ್ಜನ್‌ರ ಮಾತನ್ನೇ ನಂಬಬೇಕು, ಸ್ವಲ್ಪ ಸಮಯ ಜಾಸ್ತಿ ಇಟ್ಟುಕೊಂಡು.

ಅಂದಾಜು ಸರಿಯಾದರೆ ಉಳಿಯುವುದು ಹಣ ಮಾತ್ರವಲ್ಲ. ಉಪವಾಸವನ್ನೇ ನೋಡಿ. ಆರೋಗ್ಯವಂತ ವಯಸ್ಕರು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ನೀರು, ತಿಳಿ ಪಾನೀಯ ಕುಡಿಯಬಹುದು, ಹಗುರ ಊಟಕ್ಕೆ ಆರು ಗಂಟೆ ಅಂತರ ಸಾಕು ಎನ್ನುತ್ತದೆ ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ. ಆದರೂ ಮಧ್ಯಾಹ್ನದ ಕೇಸಿನವರನ್ನು ಹಿಂದಿನ ರಾತ್ರಿಯಿಂದಲೇ ನೀರಿಲ್ಲದೆ ಮಲಗಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಕೇಸು ಎಷ್ಟಕ್ಕೆ ಎಂಬುದು ಯಾರಿಗೂ ಖಚಿತ ಇಲ್ಲದಿದ್ದಾಗ ವಾರ್ಡ್ ಸಿಸ್ಟರ್ ಪಾಪ ಇನ್ನೇನು ಮಾಡಿಯಾರು? ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಹದಿನಾಲ್ಕು, ಹದಿನಾರು ಗಂಟೆಯ ಉಪವಾಸ ಸಣ್ಣ ವಿಷಯವಲ್ಲ.

ನಿಮಿಷ ಹಿಂಡುವ ಆಸೆ

ಓಟಿಯಲ್ಲಿ ಎಲ್ಲರ ಕಣ್ಣೂ ಬೀಳುವುದು ಎರಡು ಕೇಸುಗಳ ನಡುವಿನ ಸಮಯದ ಮೇಲೆ. ನೆಲ ಒರೆಸುವುದು, ಟೇಬಲ್ ಬದಲಿಸುವುದು, ಹೊಸ ಸೆಟ್ ತೆರೆಯುವುದು. ಇದನ್ನು ಐದೈದು ನಿಮಿಷ ಕಡಿಮೆ ಮಾಡಿ ಎಂದು ಸಿಬ್ಬಂದಿಯ ಬೆನ್ನು ಹತ್ತುತ್ತಾರೆ. ಲೆಕ್ಕ ಮಾಡಿ. ಐದು ಕೇಸುಗಳ ನಡುವೆ ನಾಲ್ಕು ಅಂತರ. ನಾಲ್ಕೈದಲಿ ಇಪ್ಪತ್ತು ನಿಮಿಷ ಉಳಿಯಿತು. ಆ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಪಿತ್ತಕೋಶ ಆಗುವುದಿಲ್ಲ. ಶುಚಿ ಮಾಡುವ ಕೆಲಸ ಅವಸರಕ್ಕೆ ಸಿಕ್ಕಿತು, ಅಷ್ಟೇ ಲಾಭ. ಓಟಿ ದಿನಾ ಪಾಳಿ ಮೀರಿ ಓಡುತ್ತಿದ್ದರೆ ಆ ಇಪ್ಪತ್ತು ನಿಮಿಷಕ್ಕೆ ಬೆಲೆ ಇದೆ. ಇಲ್ಲದಿದ್ದರೆ ಇಲ್ಲ.

ಅದೇ ಶ್ರಮವನ್ನು ರದ್ದಾದ ಕೇಸುಗಳ ಮೇಲೆ ಹಾಕಿದರೆ ಫಲ ದೊಡ್ಡದು. ಆವತ್ತೇ ರದ್ದಾದ ಪ್ರತಿ ಕೇಸಿಗೂ ಕಾರಣ ಬರೆದಿಟ್ಟು ಮೂರು ತಿಂಗಳ ನಂತರ ಎಣಿಸಿ ನೋಡಬೇಕು. ಬಿಪಿ ಹಿಡಿತಕ್ಕೆ ಬಂದಿರಲಿಲ್ಲ. ಹೃದಯದ ಡಾಕ್ಟರ ಫಿಟ್‌ನೆಸ್ ಬಂದಿರಲಿಲ್ಲ. ರಕ್ತ ಸಿಕ್ಕಿರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲು ಯಾರೂ ಹೇಳಿರಲಿಲ್ಲ. ಇವುಗಳಲ್ಲಿ ಒಂದೂ ಓಟಿಯೊಳಗೆ ಹುಟ್ಟಿದ ತೊಂದರೆಯಲ್ಲ. ಒಂದು ವಾರ ಮೊದಲೇ ಅರಿವಳಿಕೆ ಪರೀಕ್ಷೆ ಮಾಡಿಸಿ, ಹಿಂದಿನ ದಿನ ಒಂದು ಫೋನ್ ಮಾಡಿದ್ದರೆ ತಪ್ಪುತ್ತಿದ್ದವು. ಓಟಿಯ ಡೇಟಾ ಎಷ್ಟೋ ಸಲ ಬೆರಳು ತೋರಿಸುವುದು ಹೊರರೋಗಿ ವಿಭಾಗದ ಕಡೆಗೆ.

ಸೋಂಕು ಗಡಿಯಾರದಲ್ಲೂ ಇತ್ತು

ವೇಗ ಮತ್ತು ಸುರಕ್ಷತೆ ಬೇರೆ ಬೇರೆ ಎಂಬ ನಂಬಿಕೆ ಇದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆ ಆಗುತ್ತದೆ ಎನ್ನುತ್ತಾರೆ. ಆದರೆ ಎರಡಕ್ಕೂ ಬೇಕಾದ ಡೇಟಾ ಹೆಚ್ಚಾಗಿ ಒಂದೇ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆ ಬಹಳ ಮೊದಲೇ ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆ ಇಡುತ್ತಿತ್ತು. ಅಲ್ಲಿ 2,847 ಸರ್ಜರಿ ರೋಗಿಗಳಿಗೆ ಆ್ಯಂಟಿಬಯಾಟಿಕ್ ಎಷ್ಟಕ್ಕೆ ಕೊಟ್ಟರು, ಗಾಯ ಕೀವಾಯಿತೇ ಎಂದು ನೋಡಿ 1992ರಲ್ಲಿ ಪ್ರಕಟಿಸಿದರು. ಕತ್ತಿ ಹಾಕುವ ಮುಂಚಿನ ಎರಡು ಗಂಟೆಯೊಳಗೆ ಔಷಧಿ ಕೊಟ್ಟವರಲ್ಲಿ 0.6% ಜನರಿಗೆ ಸೋಂಕು. ಅದಕ್ಕಿಂತ ಮೊದಲೇ ಕೊಟ್ಟವರಲ್ಲಿ 3.8%. ಕತ್ತಿ ಹಾಕಿ ಮೂರು ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ 3.3%. ಔಷಧಿ ಎಲ್ಲರಿಗೂ ಕೊಟ್ಟಿದ್ದರು. ಫರಕು ಮಾಡಿದ್ದು ಗಡಿಯಾರ.

ಈಗ ಕೆಟ್ಟ ಲಿಸ್ಟಿನ ಜೊತೆ ಇದನ್ನು ಸೇರಿಸಿ ನೋಡಿ. ಹತ್ತು ಗಂಟೆಯ ಕೇಸು ಎಂದು ವಾರ್ಡಿನಲ್ಲೇ ಒಂಬತ್ತೂವರೆಗೆ ಇಂಜೆಕ್ಷನ್ ಕೊಟ್ಟರು. ಕೇಸು ಶುರುವಾದದ್ದು ಒಂದು ಗಂಟೆಗೆ. ಚೀಟಿಯಲ್ಲಿ 'ಆ್ಯಂಟಿಬಯಾಟಿಕ್ ಕೊಟ್ಟಿದೆ' ಎಂದು ಗುರುತು ಇದೆ, ರಕ್ತದಲ್ಲಿ ಔಷಧಿಯ ಬಲ ಇಳಿದಿದೆ. ಲಿಸ್ಟ್ ಹೊತ್ತಿಗೆ ಸರಿಯಾಗಿ ನಡೆಯುವುದೇ ಇಲ್ಲಿ ಸೋಂಕಿನ ತಡೆ.

ಸರ್ಜನ್ ಒಬ್ಬರ ಕಣ್ಣಿಗೆ ಎಂದೂ ಕಾಣದ ಸತ್ಯಗಳೂ ಇವೆ. ಮಧುರೈನ ಅರವಿಂದ್ ಕಣ್ಣಿನ ಆಸ್ಪತ್ರೆ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು 11 ಹಾಸಿಗೆಯಿಂದ ಶುರು ಮಾಡಿದ್ದು. ಅಲ್ಲಿ ಸರ್ಜನ್ ಒಂದು ಟೇಬಲ್ ಮುಗಿಸುವ ಹೊತ್ತಿಗೆ ಪಕ್ಕದ ಟೇಬಲ್ಲಿನಲ್ಲಿ ಮುಂದಿನ ರೋಗಿ ತಯಾರಿರುತ್ತಾರೆ. ವೇಗಕ್ಕೆ ಹೆಸರಾದ ಸಂಸ್ಥೆ. ಜೊತೆಗೇ ತೊಡಕುಗಳ ಲೆಕ್ಕವನ್ನೂ ಬಿಡದೆ ಇಡುತ್ತದೆ. ಪೊರೆ ತೆಗೆದ ಮೇಲೆ ಕಣ್ಣಿನ ಒಳಗೆ ಸೋಂಕಾದರೆ ದೃಷ್ಟಿಯೇ ಹೋಗಬಹುದು. ಆದರೆ ಅದು ತುಂಬಾ ಅಪರೂಪ. ವರ್ಷಕ್ಕೆ ಸಾವಿರ ಆಪರೇಷನ್ ಮಾಡುವ ಸರ್ಜನ್‌ಗೂ ಒಂದು ಕೇಸು ಕಾಣದೆ ವರ್ಷ ಕಳೆಯಬಹುದು. ಹಾಗಾದರೆ ಸರ್ಜರಿ ಮುಗಿಸುವಾಗ ಕಣ್ಣಿನೊಳಗೆ ಮೊಕ್ಸಿಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕುವುದರಿಂದ ಲಾಭ ಇದೆಯೇ ಎಂದು ತಿಳಿಯುವುದು ಹೇಗೆ? ಅರವಿಂದ್ ತನ್ನ ಆರು ಲಕ್ಷಕ್ಕೂ ಹೆಚ್ಚು ಸರ್ಜರಿಗಳ ಲೆಕ್ಕ ತೆಗೆಯಿತು, 2017ರಲ್ಲಿ ಪ್ರಕಟಿಸಿತು. ಔಷಧಿ ಹಾಕದ 3,02,815 ಕಣ್ಣುಗಳಲ್ಲಿ 214ಕ್ಕೆ ಸೋಂಕು. ಹಾಕಿದ 3,14,638ರಲ್ಲಿ 64ಕ್ಕೆ. ಇದು ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗವಲ್ಲ, ಆದ ಸರ್ಜರಿಗಳನ್ನು ಹಿಂದಿರುಗಿ ನೋಡಿದ್ದು. ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಔಷಧಿಗೇ ಕೊಡಲಾಗದು. ಆದರೂ ಇಷ್ಟು ದೊಡ್ಡ ಅಂತರವನ್ನು ಸುಮ್ನೆ ತಳ್ಳಿಹಾಕಲೂ ಆಗದು. ನಮ್ಮ ಪಕ್ಕದ ರಾಜ್ಯದಲ್ಲಿ ನಡೆದ ಕೆಲಸ ಇದು. ಲಕ್ಷಗಟ್ಟಲೆ ಬಡವರ ಕಣ್ಣಿನ ದಾಖಲೆ ಶ್ರದ್ಧೆಯಿಂದ ಇಟ್ಟದ್ದಕ್ಕೆ ಜಗತ್ತಿಗೆ ಸಿಕ್ಕ ಉತ್ತರ.

ಗುರುತು ಹಾಕಿದ್ದು ಮತ್ತು ನಿಜಕ್ಕೂ ಮಾಡಿದ್ದು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಸರ್ಜರಿಗೆ ಒಂದು ಪುಟದ ಚೆಕ್‌ಲಿಸ್ಟ್ ತಂದಿತು. 19 ಅಂಶಗಳು. ಅರಿವಳಿಕೆಗೆ ಮುಂಚೆ, ಕತ್ತಿ ಹಾಕುವ ಮುಂಚೆ, ರೋಗಿ ಹೊರಗೆ ಹೋಗುವ ಮುಂಚೆ ಮೂರು ಸಲ ಎಲ್ಲರೂ ನಿಂತು ಬಾಯಿಬಿಟ್ಟು ಹೇಳಬೇಕು. ಇವರು ಯಾರು, ಯಾವ ಕಡೆಯ ಕಾಲು, ಯಾವ ಔಷಧಿ ಒಗ್ಗುವುದಿಲ್ಲ, ಆ್ಯಂಟಿಬಯಾಟಿಕ್ ಕಳೆದ 60 ನಿಮಿಷದಲ್ಲಿ ಕೊಟ್ಟಿದೆಯೇ, ರಕ್ತ ಒರೆಸಲು ಬಳಸಿದ ಬಟ್ಟೆಗಳ (ಮಾಪ್) ಎಣಿಕೆ ಸರಿಯಾಯಿತೇ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಯಿತು. ಚೆಕ್‌ಲಿಸ್ಟ್‌ಗೆ ಮುಂಚಿನ 3,733 ರೋಗಿಗಳಲ್ಲಿ ಸಾವು 1.5% ಇತ್ತು. ಆಮೇಲಿನ 3,955 ರೋಗಿಗಳಲ್ಲಿ 0.8%. ತೊಡಕುಗಳು 11%ರಿಂದ 7%ಗೆ ಇಳಿದವು.

ಜಗತ್ತೆಲ್ಲಾ ಇದನ್ನು ಹಿಡಿದುಕೊಂಡಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ ಕಡ್ಡಾಯ ಮಾಡಿತು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಹೊರಬಂದಾಗ ಸಾವು 0.71%ರಿಂದ 0.65% ಆಗಿತ್ತು. ತೊಡಕುಗಳು 3.86%ರಿಂದ 3.82%. ಬದಲಾವಣೆ ಎಂದು ಹೇಳುವಷ್ಟು ದೊಡ್ಡದಲ್ಲ. ಕಾಗದದ ಮೇಲೆ ನೋಡಿದರೆ ಬಹುತೇಕ ಎಲ್ಲಾ ಸರ್ಜರಿಗಳಲ್ಲೂ ಚೆಕ್‌ಲಿಸ್ಟ್ ಬಳಸಿದ್ದರು.

ಹಾಗಾದರೆ ಚೆಕ್‌ಲಿಸ್ಟ್ ವ್ಯರ್ಥವೇ? ನಾನು ಹಾಗೆ ಓದುವುದಿಲ್ಲ. ಮೇಲಿನಿಂದ ಆದೇಶ ಬಂದು, ಶೇಕಡಾವಾರು ವರದಿ ಕೇಳಿದರೆ, ಜನ ಗುರುತು ಹಾಕುತ್ತಾರೆ. ಸಿಸ್ಟರ್ ಒಬ್ಬರೇ ಓದುತ್ತಾರೆ, ಸರ್ಜನ್ ಕೈ ತೊಳೆಯುತ್ತಿರುತ್ತಾರೆ. ಪ್ರತಿ ಆಸ್ಪತ್ರೆಯ ಜನರನ್ನು ಕೂರಿಸಿ, ತರಬೇತಿ ಕೊಟ್ಟು, ಚೆಕ್‌ಲಿಸ್ಟನ್ನು ಅವರೇ ತಮ್ಮ ಓಟಿಗೆ ಹೊಂದಿಸಿಕೊಂಡ ಕಡೆ ಕಥೆ ಬೇರೆ. ಅಮೆರಿಕದ ದಕ್ಷಿಣ ಕೆರೊಲೈನಾದಲ್ಲಿ ಅಂಥ ಕಾರ್ಯಕ್ರಮ ಪೂರ್ತಿ ಮಾಡಿದ 14 ಆಸ್ಪತ್ರೆಗಳಲ್ಲಿ ಸರ್ಜರಿ ನಂತರದ ಸಾವು, ಉಳಿದ ಆಸ್ಪತ್ರೆಗಳಿಗೆ ಹೋಲಿಸಿದರೆ, 22% ಕಡಿಮೆಯಾಯಿತು. ಗುರುತಿನ ಲೆಕ್ಕ ಇಟ್ಟುಕೊಂಡು ಸುರಕ್ಷತೆಯ ಲೆಕ್ಕ ಸಿಕ್ಕಿತು ಎಂದುಕೊಳ್ಳಬಾರದು. ವಾರಕ್ಕೊಮ್ಮೆ ಯಾರಾದರೂ ಓಟಿಯಲ್ಲಿ ನಿಂತು, ಆ ಮೂರು ನಿಲುಗಡೆಗಳಲ್ಲಿ ಎಲ್ಲರೂ ನಿಜಕ್ಕೂ ನಿಂತರೇ ಎಂದು ನೋಡಿ ಬರೆದರೆ ಆ ಹತ್ತು ಸಾಲು 99% ಎಂಬ ವರದಿಗಿಂತ ಹೆಚ್ಚು ಹೇಳುತ್ತವೆ.

ಸಾವಿನ ಅಂಕಿ ಇನ್ನೂ ಸೂಕ್ಷ್ಮ. ಜಿಲ್ಲಾ ಆಸ್ಪತ್ರೆಯವರು ಕಷ್ಟದ ಕೇಸನ್ನೆಲ್ಲಾ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗೆ ಕಳಿಸಿದರೆ ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲೇ ಸಾವು ಜಾಸ್ತಿ ಕಾಣುತ್ತದೆ. ಕೆಲಸ ಕೆಟ್ಟದ್ದು ಎಂದಲ್ಲ, ಬಂದವರೇ ಹೆಚ್ಚು ಅಪಾಯದಲ್ಲಿದ್ದರು. ಹಾಗಾಗಿ ವಯಸ್ಸು, ಕಾಯಿಲೆ, ಎಮರ್ಜೆನ್ಸಿಯೇ ಅಲ್ಲವೇ ಎಂಬುದನ್ನೆಲ್ಲಾ ಹಿಡಿದು, ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಎಷ್ಟು ಸಾವು ಆಗುತ್ತಿತ್ತು, ಇಲ್ಲಿ ಎಷ್ಟಾಯಿತು ಎಂದು ಹೋಲಿಸಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಈ ಕೆಲಸವನ್ನು 1991ರಲ್ಲಿ 44 ಕಡೆ ಶುರು ಮಾಡಿದವು, 1994ರಿಂದ ಎಲ್ಲಾ ಕಡೆ ನಡೆಸಿದವು. ಪ್ರತಿ ಆಸ್ಪತ್ರೆಗೂ ಅದರ ಅಂಕಿ ವಾಪಸು ಹೋಗುತ್ತಿತ್ತು. ಹತ್ತು ವರ್ಷಗಳಲ್ಲಿ ಸರ್ಜರಿಯಾದ 30 ದಿನದೊಳಗಿನ ಸಾವು 27%, ತೊಡಕುಗಳು 45% ಇಳಿದವು.

ಇದನ್ನೆಲ್ಲಾ ನೂರು ವರ್ಷ ಮೊದಲೇ ಕೇಳಿದ್ದವರು ಬೋಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್ಮನ್. ವಿದ್ಯಾರ್ಥಿಯಾಗಿದ್ದಾಗ, 1890ರ ದಶಕದಲ್ಲಿ, ಗೆಳೆಯ ಹಾರ್ವೆ ಕುಶಿಂಗ್ ಜೊತೆ ಸೇರಿ ಈಥರ್ ಕೊಡುವಾಗ ರೋಗಿಯ ನಾಡಿ ಬರೆದಿಡುವ ಚಾರ್ಟ್ ಶುರು ಮಾಡಿದರು. ಇವತ್ತು ಪ್ರತಿ ಓಟಿಯಲ್ಲೂ ಇರುವ ಅರಿವಳಿಕೆ ಚಾರ್ಟಿನ ಮೂಲ ಅದು. ಆಮೇಲೆ ಸ್ವಂತ ಸಣ್ಣ ಆಸ್ಪತ್ರೆ ತೆರೆದು, 1911ರಿಂದ 1916ರವರೆಗೆ 337 ರೋಗಿಗಳ ಮುಂದಿನ ಸ್ಥಿತಿಯನ್ನು ಹಿಂಬಾಲಿಸಿದರು. 123 ತಪ್ಪುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ನೀವೂ ಹಾಕಿ ಎಂದು ಬೇರೆ ಆಸ್ಪತ್ರೆಗಳಿಗೆ ಹೇಳಿದರು. ಊರಿನ ವೈದ್ಯರ ಸಿಟ್ಟಿಗೆ ಗುರಿಯಾದರು. ಇವತ್ತೂ ಆ ಭಯ ಹೋಗಿಲ್ಲ, ಮತ್ತು ಅದು ಸುಳ್ಳು ಭಯವೂ ಅಲ್ಲ. ತಪ್ಪು ಬರೆದವರಿಗೇ ಮೆಮೊ ಕೊಟ್ಟರೆ ಮರುದಿನದಿಂದ ಯಾರೂ ಬರೆಯುವುದಿಲ್ಲ. ಸಮಯ ತಪ್ಪಿದವರ ಹೆಸರನ್ನು ಗೋಡೆಗೆ ಹಚ್ಚಿದರೆ ಎಂಟಕ್ಕೆ ಶುರುವಾಗಬೇಕಾದ ಕೇಸು ತಡವಾದರೂ ಎಲ್ಲರ ಗಡಿಯಾರವೂ ಎಂಟು ಗಂಟೆಯನ್ನೇ ತೋರಿಸುತ್ತದೆ.

ಒಂದೇ ಓಟಿ ಇರುವ ಕಡೆ

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇದು ಹೇಗೆ ಹೊಂದುತ್ತದೆ? 32ರಲ್ಲಿ ಒಂದನ್ನು ಬಿಡಬಹುದು, ಇರುವ ಒಂದನ್ನೇ ಬಿಡಲಾಗದು. ಎಷ್ಟೋ ಕಡೆ ಓಟಿ ಇದ್ದರೂ ಅರಿವಳಿಕೆ ತಜ್ಞರು ಒಬ್ಬರೇ. ಅಲ್ಲಿ ಬಿಡಬೇಕಾದದ್ದು ಕೋಣೆಯನ್ನಲ್ಲ, ಗಂಟೆಗಳನ್ನು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಮತ್ತು ಹೆರಿಗೆ ಓಟಿಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರಲ್ಲಿ ಲಕ್ಷ್ಯ ಕಾರ್ಯಕ್ರಮ ಶುರು ಮಾಡಿದೆ. ದಾಖಲೆ ಇಡುವ ಅಭ್ಯಾಸ ಅದರಿಂದಲೂ ಬರುತ್ತಿದೆ. ಅದೇ ದಾಖಲೆಯಿಂದ ಈ ಗಂಟೆಗಳನ್ನೂ ತೆಗೆಯಬಹುದು.

ತೊಂಬತ್ತು ದಿನದ ರಿಜಿಸ್ಟರ್ ತೆಗೆದುಕೊಳ್ಳಿ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಬಂದ ಎಮರ್ಜೆನ್ಸಿಗಳನ್ನು ದಿನದ ಲೆಕ್ಕದಲ್ಲಿ ಎಣಿಸಿ. 60 ದಿನ ಒಂದೂ ಬಂದಿಲ್ಲ, 20 ದಿನ ಒಂದು, 10 ದಿನ ಎರಡು ಎಂದು ಇಟ್ಟುಕೊಳ್ಳಿ. ಶುಚಿ ಮಾಡುವುದೂ ಸೇರಿ ಒಂದು ಸಿಸೇರಿಯನ್‌ಗೆ ಒಂದೂಕಾಲು ಗಂಟೆ ಓಟಿ ಬೇಕು ಎಂದು ರಿಜಿಸ್ಟರ್ ಹೇಳಿದರೆ, ದಿನಾ ಒಂದೂಕಾಲು ಗಂಟೆಯಷ್ಟು ಲಿಸ್ಟ್ ಕಡಿಮೆ ಹಾಕಿದರೂ 90ರಲ್ಲಿ 80 ದಿನ ಯಾವ ಕೇಸನ್ನೂ ಮುಂದಕ್ಕೆ ಹಾಕಬೇಕಾಗಿಲ್ಲ. ಉಳಿದ ಹತ್ತು ದಿನಗಳಿಗೆ ಯಾವ ಕೇಸು ಜರುಗುತ್ತದೆ ಎಂದು ಹಿಂದಿನ ಸಂಜೆಯೇ ತೀರ್ಮಾನಿಸಿ ಆ ಮನೆಯವರಿಗೆ ಹೇಳಿಡಬಹುದು. ಒಂದೂ ಎಮರ್ಜೆನ್ಸಿ ಬಾರದ ದಿನ ಆ ಸಮಯಕ್ಕೆ ಡ್ರೆಸ್ಸಿಂಗ್, ಸಣ್ಣ ಗಂಟು ತೆಗೆಯುವುದು, ಆಟೋಕ್ಲೇವ್ ಮತ್ತು ಉಪಕರಣಗಳ ತಪಾಸಣೆಯಂಥ ಕೆಲಸ ಇಟ್ಟುಕೊಳ್ಳಬಹುದು. ಎಮರ್ಜೆನ್ಸಿ ಬಂದ ಕೂಡಲೇ ನಿಲ್ಲಿಸಬಹುದಾದ ಕೆಲಸ ಆಗಿರಬೇಕು, ಅಷ್ಟೇ. ಮೂರು ತಿಂಗಳಿಗೊಮ್ಮೆ ಮತ್ತೆ ಎಣಿಸಬೇಕು. ಹೊಸ ಸ್ತ್ರೀರೋಗ ತಜ್ಞರು ಬಂದರೆ, ಪಕ್ಕದ ತಾಲ್ಲೂಕಿನ ಓಟಿ ದುರಸ್ತಿಗೆ ಮುಚ್ಚಿದರೆ, ಹೆದ್ದಾರಿ ತೆರೆದರೆ ಆ ಒಂದೂಕಾಲು ಗಂಟೆ ಎರಡೂವರೆ ಆಗಬೇಕಾಗಬಹುದು.